ತಲೆಕೆಳಗಿಟ್ಟ ಪುಸ್ತಕ

ಚರ್ಚಿನಲ್ಲಿ ಎಲ್ಲರೂ ಅವಳನ್ನು ಓದುವ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯರೂ ಅಕ್ಕ ಎನ್ನುತ್ತಿದ್ದರು, ನಿನ್ನೆ ಮೊನ್ನೆ ಮಾತು ಕಲಿತ ಮಕ್ಕಳೂ ಅಕ್ಕ ಎನ್ನುತ್ತಿದ್ದವು. ಹುಟ್ಟಿದಾಗಿನಿಂದ ಕಣ್ಣು ಕಾಣದವಳು. ಆದರೆ ಇಪ್ಪತ್ತೊಂಬತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಮುಂದಿನ ಮರದ ಮೇಜಿನ ಹಿಂದೆ ನಿಂತು ಆ ದಿನದ ವಾಕ್ಯವನ್ನು ಸಭೆಗೆ ಓದಿ ಹೇಳುತ್ತಿದ್ದವಳು ಅವಳೇ. ಕಣ್ಣಿದ್ದವರು ಓದಲು ನಿಂತರೆ ಕನ್ನಡಕ ಹುಡುಕುತ್ತಾರೆ, ಸಾಲು ಹಾರಿಸುತ್ತಾರೆ, ಕೆಮ್ಮುತ್ತಾರೆ. ಅವಳಿಗೆ ಅದೊಂದೂ ಇರಲಿಲ್ಲ. ಮುಖವೆತ್ತಿ ಜನರ ಕಡೆಗೆ ಇಟ್ಟುಕೊಂಡು, ಎಡಗೈಯಿಂದ ಸಾಲು ಹಿಡಿದು, ಬಲಗೈಯ ತೋರುಬೆರಳನ್ನು ಚುಕ್ಕಿಗಳ ಮೇಲೆ ಓಡಿಸುತ್ತಿದ್ದಳು. ಬೆರಳು ಮುಂದೆ, ದನಿ ಅದರ ಹಿಂದೆ.

ಅವಳ ಸತ್ಯವೇದ ಒಂದು ಪುಸ್ತಕವಲ್ಲ, ಒಂದು ಕಪಾಟು. ಉಬ್ಬುಚುಕ್ಕಿಗಳಿಗೆ ದಪ್ಪ ಕಾಗದ ಬೇಕು, ಜಾಗವೂ ಬೇಕು. ಬೇರೆಯವರು ಕಂಕುಳಲ್ಲಿ ಇರುಕಿಕೊಂಡು ಬರುವ ಗ್ರಂಥ ಅವಳ ಪಾಲಿಗೆ ಮೂವತ್ತೆಂಟು ಸಂಪುಟಗಳಾಗಿ ಚರ್ಚಿನ ಹಿಂದಿನ ಕೋಣೆಯ ಒಂದು ಗೋಡೆಯನ್ನೇ ತುಂಬಿ ನಿಂತಿತ್ತು. "ಮೊದಲ್ನೇ ಆದಿಕಾಂಡದಿಂದ ಕೊನೇ ಪ್ರಕಟನೆಗೆ ಹೋಗ್ಬೇಕಾದ್ರೆ ನಿಂಗೆ ಏಣಿ ಬೇಕಲ್ಲೇ," ಎಂದು ಗಂಡ ನಗುತ್ತಿದ್ದ. ಸಂಪುಟಗಳ ರಟ್ಟು ಎರಡೂ ಕಡೆ ಒಂದೇ ತರಹ ಇದ್ದುದರಿಂದ, ಪ್ರತಿಯೊಂದರ ಮೇಲ್ತುದಿಗೆ ಅವಳು ದಾರದ ಒಂದು ಗಂಟು ಹಾಕಿದ್ದಳು. ಗಂಟು ಇರುವ ಕಡೆ ತಲೆ, ಇಲ್ಲದ ಕಡೆ ಕಾಲು.

ವಾರದ ಉಳಿದ ದಿನಗಳಲ್ಲಿ ಅವಳಿಗೆ ಅಂಧರ ಶಾಲೆಯ ಅಚ್ಚುಮನೆಯಲ್ಲಿ ಕೆಲಸ. ಯಂತ್ರ ಒತ್ತಿ ಕೊಟ್ಟ ಹಾಳೆಗಳನ್ನು ಬೆರಳಿನಿಂದ ಓದಿ ತಪ್ಪು ಹುಡುಕಬೇಕು. ಮೇಜಿನ ಆಚೆ ಕಣ್ಣಿರುವ ಒಬ್ಬ ಹೆಂಗಸು ಕೂತು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಇವಳ ಬೆರಳಿಗೆ ಸಿಕ್ಕಿದ್ದೂ ಅವಳ ಬಾಯಿಂದ ಬಂದದ್ದೂ ಹೊಂದಬೇಕು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಓದುವ ಆ ಹೆಂಗಸಿಗೆ ಬಾಯಿ ಮುಚ್ಚಿ ಕೂತು ಗೊತ್ತಿರಲಿಲ್ಲ, ಆದ್ದರಿಂದ ಅವಳ ಹೆಸರು ರೇಡಿಯೊ ಎಂದಾಗಿತ್ತು.

"ರಾಜನಿಗೆ ಮೂವರು ಮಕ್ಕಳಿದ್ದರು ಪೂರ್ಣವಿರಾಮ. ಅಕ್ಕ, ನಿಮ್ಮ ತೋಳಿಗೆ ಎಣ್ಣೆ ಹತ್ತಿದೆ. ಹಿರಿಯವನು ಅಲ್ಪವಿರಾಮ..."

"ಎಣ್ಣೆ ಪುಸ್ತಕದಲ್ಲಿದೆಯೋ ತೋಳಲ್ಲಿದೆಯೋ ಮೊದಲು ಹೇಳು."

"ತೋಳಲ್ಲಿ. ಪುಸ್ತಕದಲ್ಲಿ ರಾಜ ಮಾತ್ರ."

ಹೀಗೆ ಹನ್ನೆರಡು ವರ್ಷ.

ಗಂಡ ಅದೇ ಶಾಲೆಯ ಹಿಂದಿನ ಕೊಠಡಿಗಳ ಸಾಲಿನಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ. ಇಪ್ಪತ್ತೆರಡರ ವಯಸ್ಸಿನಲ್ಲಿ ಕುಲುಮೆಯ ಕಿಡಿ ಹಾರಿ ಎರಡೂ ಕಣ್ಣು ಕಳೆದುಕೊಂಡವನು. ಚುಕ್ಕಿ ಅಕ್ಷರ ಕಲಿಯಲೆಂದೇ ಶಾಲೆಗೆ ಬಂದಿದ್ದ. ಕಲಿತದ್ದು ಬೆತ್ತ. ಬೆತ್ತ ಎಳೆದೆಳೆದು ಬೆರಳ ತುದಿಯ ಚರ್ಮ ಚಪ್ಪಲಿಯ ಅಟ್ಟೆಯಂತಾಗಿತ್ತು. "ನಿನ್ನ ಅಕ್ಷರದ ಆರು ಚುಕ್ಕಿ ಸೇರಿ ನನಗೆ ಒಂದು ಗುಡ್ಡ ಸಿಗುತ್ತೆ ಅಷ್ಟೆ," ಎಂದು ಕೈಚೆಲ್ಲಿದ್ದ. ಹಾಗಾಗಿ ಅವನ ಪಾಲಿನ ಓದನ್ನೂ ಅವಳೇ ಓದಬೇಕು. ಮದುವೆಯಾದ ಮೇಲೆ ಸಂಜೆ ಹೊತ್ತು ಅವನು ಮನೆಗೆ ತಂದ ಕುರ್ಚಿ ಹೆಣೆಯುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ಅವನಿಗೆ ಇಷ್ಟವಾದ ಕಡೆ ಬೆತ್ತದ ಸದ್ದು ನಿಲ್ಲುತ್ತಿತ್ತು.

ಮೂರನೆಯ ವರ್ಷ ಒಂದು ಹೆಣ್ಣುಮಗು ಹುಟ್ಟಿತು. ಹನ್ನೊಂದು ದಿನ ಇತ್ತು.

ಆ ಹನ್ನೊಂದು ದಿನವೂ ಅವಳು ಮಗುವನ್ನು ಓದಿದಳು. ಅದಕ್ಕೆ ಬೇರೆ ಪದವಿಲ್ಲ, ಓದಿದ್ದೇ. ಹಣೆಯಿಂದ ಶುರುಮಾಡಿ ಹುಬ್ಬಿನ ನವಿರು, ಮೂಗಿನ ಕೆಳಗಿನ ಪುಟ್ಟ ತಗ್ಗು, ಗಲ್ಲ. ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ನಿಂತು ಗಂಡ ಕೇಳುತ್ತಿದ್ದ: "ಹೇಗಿದೆ ಹೇಳೇ. ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ." ಅವಳು ಹೇಳುತ್ತಿದ್ದಳು. ದಿನವೂ ಹೇಳುತ್ತಿದ್ದಳು. ಹೃದಯದಲ್ಲಿ ಒಂದು ಸಣ್ಣ ತೂತು ಇದೆ ಎಂದರು ಡಾಕ್ಟರು. ಹನ್ನೆರಡನೆಯ ದಿನ ಬೆಳಿಗ್ಗೆ ನರ್ಸು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯ ಭಾರದಿಂದಲೇ ಅವಳಿಗೆ ತಿಳಿಯಿತು.

ಫೋಟೊ ಇರಲಿಲ್ಲ. ಇದ್ದರೆ ತಾನೇ ಏನು ಮಾಡುವುದಿತ್ತು? ಮಗುವಿನ ಬಟ್ಟೆಗಳನ್ನು ಯಾರಿಗೋ ಕೊಟ್ಟರು. ನೆನಪು ತಲೆಯಲ್ಲಿರುತ್ತದೆ ಎನ್ನುತ್ತಾರೆ. ಅವಳದು ಬಲಗೈಯ ತೋರುಬೆರಳಿನ ತುದಿಯಲ್ಲಿತ್ತು. ಕೆಲಸದ ನಡುವೆ, ನೀರು ಕುದಿಯಲಿ ಎಂದು ಕಾಯುವಾಗ, ಹೆಬ್ಬೆರಳನ್ನು ಆ ತುದಿಗೆ ಮೆಲ್ಲಗೆ ತಿಕ್ಕಿದರೆ ಮಗು ಬರುತ್ತಿತ್ತು. ಹಣೆ, ಹುಬ್ಬು, ಮೂಗು, ಗಲ್ಲ. ಮೂವತ್ತೊಂದು ವರ್ಷ ಹೀಗೆ ಬಂದು ಹೋಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಮಣ್ಣು ಮಾಡಿ ಬಂದ ದಿನ ಯಾರೋ ಒಬ್ಬರು, ಕೊಟ್ಟವನೂ ಆತನೇ, ತೆಗೆದುಕೊಂಡವನೂ ಆತನೇ ಎಂದಿದ್ದರು. ಅವಳಿಗೆ ಸಿಟ್ಟು ಬಂದಿತ್ತು. ಮಾತಿನ ಮೇಲಲ್ಲ, ಅದನ್ನು ಅವರು ಹೇಳಿದ ಸಲೀಸಿನ ಮೇಲೆ. ಆಮೇಲೆ ಆ ಮಾತು ಬರುವ ಯೋಬನ ಸಂಪುಟ ತೆಗೆದು ನೋಡಿದಳು. ಮಕ್ಕಳನ್ನೆಲ್ಲ ಒಂದೇ ದಿನ ಕಳೆದುಕೊಂಡ ಯೋಬ ಆ ಮಾತು ಹೇಳಿದ್ದು ಬಟ್ಟೆ ಹರಿದುಕೊಂಡು, ನೆಲಕ್ಕೆ ಬಿದ್ದು. ಹೇಳಿ ಸುಮ್ಮನಾಗಲೂ ಇಲ್ಲ. ಅದಾದ ಮೇಲೆ ಪುಟಗಟ್ಟಲೆ ಕೂಗಾಡಿದ್ದಾನೆ. ಆ ಪುಟಗಳನ್ನು ಯಾರೂ ಸಾವಿನ ಮನೆಯಲ್ಲಿ ಹೇಳುವುದಿಲ್ಲವಲ್ಲ ಎಂದು ಅವಳಿಗೆ ಅನಿಸಿತು. ಅದಾಗಿ ಎರಡು ವರ್ಷಕ್ಕೆ, ಚರ್ಚಿನಲ್ಲಿ ನೀವು ಓದುತ್ತೀರಾ ಎಂದು ಕೇಳಿದಾಗ ಒಪ್ಪಿದಳು. ಹೇಳದೇ ಬಿಟ್ಟ ಪುಟಗಳನ್ನೂ ಓದಬಹುದು ಎಂದು.

ಆದರೆ ಅವಳ ಸ್ವಂತದ್ದು ಎನ್ನುವ ವಾಕ್ಯ ಬೇರೆ ಇತ್ತು. ಚಿಕ್ಕಂದಿನಲ್ಲಿ ಮನೆಗೆ ಬಂದವರೆಲ್ಲ ಅವಳ ಕಣ್ಣಿಗೆ ಕಾರಣ ಹುಡುಕುತ್ತಿದ್ದರು. ತಾಯಿ ತಿಂದ ಮಾತ್ರೆ ಎಂದರು, ತಂದೆಯ ಪಾಪ ಎಂದರು, ಹೆರಿಗೆ ಮಾಡಿಸಿದವಳ ಕೈ ಎಂದರು. ಎಲ್ಲರೂ ಬೆರಳು ತೋರಿಸುವವರೇ, ಹೊಣೆ ಹೊರುವವರು ಒಬ್ಬರೂ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಮೋಚನಕಾಂಡ ಓದುತ್ತಿದ್ದಾಗ ಉರಿಯುವ ಪೊದೆಯ ಮುಂದೆ, ದೇವರು ಒಪ್ಪಿಸಿದ ಕೆಲಸ ಬೇಡವೆಂದು ಮೋಶೆ ತನ್ನ ತೊದಲು ನಾಲಗೆಯ ನೆವ ಹೇಳುವ ಜಾಗ ಬಂತು. ಅಲ್ಲಿ ದೇವರು ಕೇಳುತ್ತಾನೆ, ಮೂಕರನ್ನೂ ಕಿವುಡರನ್ನೂ ಮಾಡಿದವರು ಯಾರು, ಕಣ್ಣು ಕಾಣುವವರನ್ನೂ ಕಾಣದವರನ್ನೂ ಮಾಡಿದವರು ಯಾರು, ನಾನೇ ಅಲ್ಲವೇ ಎಂದು. ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು. ಅವಳಿಗೆ ಸಮಾಧಾನ ಆಯಿತೆಂದಲ್ಲ. ಆದರೆ ಕೊನೆಗೂ ಒಬ್ಬ ಎದ್ದು ನಿಂತು ನಾನೇ ಎಂದಿದ್ದ. "ಜಗಳ ಆಡೋಕಾದ್ರೂ ಒಂದು ವಿಳಾಸ ಸಿಕ್ತು," ಎಂದು ಎಷ್ಟೋ ವರ್ಷಗಳ ನಂತರ ಗಂಡನಿಗೆ ಹೇಳಿದ್ದಳು. ಚರ್ಚಿನ ಸಂಪುಟದಲ್ಲಿ ಆ ಸಾಲನ್ನು ಅವಳು ಎಷ್ಟು ಸಲ ಮುಟ್ಟಿದ್ದಳೆಂದರೆ ಚುಕ್ಕಿಗಳು ಸವೆದು ಕಾಗದದ ಮಟ್ಟಕ್ಕೆ ಇಳಿದಿದ್ದವು. ಬೇರೆ ಯಾರ ಬೆರಳಿಗೂ ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಐವತ್ತೆಂಟು ತುಂಬಿದ ವರ್ಷ ಅವಳು ಯಂತ್ರದ ಮೇಲೆ ದೂರು ಹೇಳತೊಡಗಿದಳು.

"ಇದಕ್ಕೆ ವಯಸ್ಸಾಯ್ತು. ಚುಕ್ಕಿ ಏಳ್ತಾನೇ ಇಲ್ಲ."

ಯಂತ್ರ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಚುಕ್ಕಿ ಏಳಲಿಲ್ಲ. ಕಾಗದ ಬದಲಿಸಿದರು. ಆಗಲೂ ಏಳಲಿಲ್ಲ. ಒಂದು ದಿನ ಅವಳು ಬಿಸಿ ಚಹಾದ ಲೋಟ ಹಿಡಿದು ಕೂತಿದ್ದಾಗ ರೇಡಿಯೊ ಓದುವುದನ್ನು ತಟ್ಟನೆ ನಿಲ್ಲಿಸಿದಳು. ಅದೇ ಒಂದು ಹೆದರಿಕೆ. ಅವಳು ಹಾಗೆ ನಿಲ್ಲಿಸುವವಳಲ್ಲ.

"ಅಕ್ಕ, ಲೋಟ ಕೆಳಗಿಡಿ. ಬೆರಳಲ್ಲಿ ಬೊಬ್ಬೆ ಎದ್ದಿದೆ."

"ಯಾವ ಬೆರಳು?"

ರೇಡಿಯೊ ಎದ್ದು ಬಂದು ಲೋಟ ತೆಗೆದುಕೊಂಡಳು.

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದರು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಒಳಗೇ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಮರಗಟ್ಟುವುದು ಸಾಮಾನ್ಯವಾಗಿ ಮೊದಲು ಕಾಲಿಗೆ ಬರುತ್ತದೆ, ಇವರಿಗೆ ಕಾಲಲ್ಲೂ ಇದೆ, ಗಮನಿಸಿಲ್ಲ ಅಷ್ಟೆ ಎಂದರು ಡಾಕ್ಟರು. ಬೆರಳ ತುದಿಯ ನರಗಳು ಸಾಯುತ್ತಿವೆ. ಉಳಿದದ್ದನ್ನು ಉಳಿಸಿಕೊಳ್ಳಲು ನೋಡೋಣ, ಹೋದದ್ದು ಬರುವುದಿಲ್ಲ. ಡಾಕ್ಟರು ಸೂಜಿಯಿಂದ ಒಂದೊಂದೇ ಬೆರಳನ್ನು ಚುಚ್ಚುತ್ತ ಹೋದರು. ತೋರುಬೆರಳಿಗೆ ಬಂದಾಗ ಅವಳು, "ಹೂಂ, ಚುಚ್ಚಿ," ಎಂದಳು.

"ಚುಚ್ಚಿ ಆಯ್ತಮ್ಮ."

ಹೊರಗೆ ಬೀದಿಯಲ್ಲಿ ಅವಳು ಗೆಳತಿಯ ಮುಂಗೈ ಹಿಡಿದುಕೊಂಡು ಹೇಳಿದಳು: "ರೇಡಿಯೊ, ಬಂದ್ ಮಾಡು."

"ಭಾವನಿಗಾದ್ರೂ..."

"ಅವರಿಗೂ ಬೇಡ. ಸ್ವಲ್ಪ ದಿನ."

ಮನೆಯಲ್ಲಿ ಗಂಡ ಇನ್ನೂ ಬಂದಿರಲಿಲ್ಲ. ಅವಳು ಬಾಗಿಲು ಮುಂದಕ್ಕೆ ಹಾಕಿ, ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತು, ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದಳು. ಹೆಬ್ಬೆರಳು ಏನನ್ನೋ ಮುಟ್ಟಿತು. ತೋರುಬೆರಳು ಏನನ್ನೂ ಹೇಳಲಿಲ್ಲ. ಇನ್ನೊಮ್ಮೆ ತಿಕ್ಕಿದಳು. ಉಳಿದ ಬೆರಳುಗಳಲ್ಲಿ ಹುಡುಕಿದಳು. ಅವುಗಳಲ್ಲಿ ಮಗು ಎಂದೂ ಇರಲಿಲ್ಲವಲ್ಲ. ಹಣೆ ಇತ್ತು ಎಂದು ಅವಳಿಗೆ ಗೊತ್ತಿತ್ತು, ಹುಬ್ಬು ಇತ್ತು ಎಂದೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ.

ಕಣ್ಣು ಕೊಡಲಿಲ್ಲ, ಇರಲಿ. ಮಗುವನ್ನು ನೀನು ಕರೆದುಕೊಂಡೆ, ಅದಾದ ಮೇಲೂ ನಾನು ಹೇಗೋ ಬದುಕಿದೆ. ಇಡೀ ಮೈಯಲ್ಲಿ ಬೇರೆ ಯಾವ ಜಾಗವೂ ನಿನಗೆ ಸಿಗಲಿಲ್ಲವೇ? ಹೀಗೆ ದೇವರನ್ನು ಕೇಳಿ ಅವಳು ಉತ್ತರಕ್ಕೆ ಕಾದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

ಸ್ವಲ್ಪ ದಿನ ಎಂದದ್ದು ನಾಲ್ಕು ತಿಂಗಳಾಯಿತು. ಅಚ್ಚುಮನೆಯಲ್ಲಿ ರೇಡಿಯೊ ಚುಕ್ಕಿಗಳನ್ನು ಕಣ್ಣಿನಿಂದಲೇ ನೋಡಿ ಓದಲು ಕಲಿತುಬಿಟ್ಟಿದ್ದಳು, ಇಬ್ಬರ ಕೆಲಸವನ್ನೂ ಅವಳೊಬ್ಬಳೇ ಮಾಡಿ, ತಪ್ಪು ಸಿಕ್ಕಲ್ಲಿ ಅಕ್ಕನೇ ಗುರುತು ಹಾಕಲೆಂದು ಮೇಜಿನ ಕೆಳಗೆ ಅವಳ ಮೊಣಕಾಲನ್ನು ಮೆಲ್ಲಗೆ ಒದೆಯುತ್ತಿದ್ದಳು. ಮನೆಯಲ್ಲಿ ಸಂಜೆಯ ಓದು ನೆನಪಿನ ಬಲದ ಮೇಲೆ ನಡೆಯುತ್ತಿತ್ತು. ಚರ್ಚಿನಲ್ಲಿಯೂ ಅಷ್ಟೆ. ಬರುವ ಭಾನುವಾರ ಯಾವ ಭಾಗ ಎಂದು ಸಭಾಪಾಲಕರು ಬುಧವಾರವೇ ಹೇಳಿಬಿಡುತ್ತಿದ್ದರು. ನೂರಾರು ಅಧ್ಯಾಯ ಅವಳಿಗೆ ಬಾಯಿಪಾಠ. ಬೆರಳನ್ನು ಓಡಿಸುತ್ತ ಹೋದರೆ ಆಯಿತು, ಹಾಳೆ ತಿರುಗಿಸಬೇಕಾದಲ್ಲಿ ಅಂದಾಜಿಗೆ ತಿರುಗಿಸಿದರೆ ಆಯಿತು.

ಆ ಭಾನುವಾರದ ಭಾಗ ಆದಿಕಾಂಡದ್ದು. ಮುದುಕ ಇಸಾಕನಿಗೆ ಕಣ್ಣು ಕಾಣುವುದಿಲ್ಲ. ಸಾಯುವ ಮುಂಚೆ ಹಿರಿಯ ಮಗ ಏಸಾವನನ್ನು ಆಶೀರ್ವದಿಸಬೇಕೆಂದಿದ್ದಾನೆ. ಕಿರಿಯವನಾದ ಯಾಕೋಬ ಮೈ ತುಂಬ ರೋಮವಿರುವ ಅಣ್ಣನ ಹಾಗೆ ತೋರಲೆಂದು ಕೈಗೆ ಆಡುಮರಿಯ ಚರ್ಮ ಸುತ್ತಿಕೊಂಡು ಬಂದು ನಿಲ್ಲುತ್ತಾನೆ. ಹತ್ತಿರ ಬಾ ಮಗನೇ, ಮುಟ್ಟಿ ನೋಡುತ್ತೇನೆ ಎನ್ನುತ್ತಾನೆ ಮುದುಕ.

ಅವಳು ಓದುತ್ತಿದ್ದಳು. ದನಿ ಎಂದಿನಂತೆಯೇ ಇತ್ತು. ಮುದುಕ ಮುಟ್ಟಿದ. ಮುಟ್ಟಿ ಹೇಳಿದ, ದನಿಯೇನೋ ಯಾಕೋಬನದು, ಆದರೆ ಕೈ...

ಅಲ್ಲಿ ಅವಳು ನಿಂತಳು.

ಮಾತು ಮರೆತದ್ದಲ್ಲ. ಬಾಯಲ್ಲೇ ಇತ್ತು. ಎದುರಿಗೆ ನೂರು ಜನ ಅವಳ ಕೈ ನೋಡುತ್ತ ಕೂತಿದ್ದರು. ದನಿ ಓದುವವಳದು, ಕೈ ಮಾತ್ರ ವೇಷ ಹಾಕಿಕೊಂಡಿತ್ತು. ನಾಲ್ಕು ತಿಂಗಳಿಂದ ಅವಳೂ ಚರ್ಮ ಸುತ್ತಿಕೊಂಡೇ ಇಲ್ಲಿ ನಿಲ್ಲುತ್ತಿದ್ದಳು. ಹೇಗೋ ಮಾತು ಮುಗಿಸಿ, ಅಧ್ಯಾಯ ಮುಗಿಸಿ, ಪುಸ್ತಕ ಮುಚ್ಚಿದಳು.

ಆರಾಧನೆ ಮುಗಿದ ಮೇಲೆ ಸಂಪುಟವನ್ನು ಹಿಂದಿನ ಕೋಣೆಗೆ ಹೊತ್ತು ಹೋಗುವುದು ಗಂಡನ ಕೆಲಸ. ಅವನು ಬಂದು ಮೇಜಿನ ಮೇಲಿಂದ ಪುಸ್ತಕ ಎತ್ತಿದ. ಎತ್ತಿದವನು ಎರಡು ಗಳಿಗೆ ಹಾಗೇ ನಿಂತ. ಅವಳಿಗೆ ಅವನ ಉಸಿರು ಕೇಳುತ್ತಿತ್ತು.

"ಏನ್ರೀ?"

"ಏನಿಲ್ಲ. ನಡಿ."

ದಾರಿಯುದ್ದಕ್ಕೂ ಅವನು ಹವಾಮಾನದ ಮಾತಾಡಿದ. ಅವನು ಹವಾಮಾನದ ಮಾತಾಡುವವನಲ್ಲ. ಮನೆಗೆ ಬಂದು, ಊಟ ಮಾಡಿ, ಅರ್ಧ ಹೆಣೆದಿದ್ದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಇಬ್ಬರ ಪಾದದ ಮೇಲೂ ಬಿದ್ದಿತ್ತು.

"ನೋಡೇ," ಎಂದ, "ಇವತ್ತು ನಿನ್ನ ಆದಿಕಾಂಡ ಕಾಲು ಮೇಲೆ ಮಾಡಿ ಮಲಗಿತ್ತಲ್ಲ."

ಅವಳು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಗಂಟು ಕೆಳಗಿತ್ತು. ನಿನ್ನ ಹೊಟ್ಟೆ ಕಡೆಗೆ. ನಾನು ಓದಲ್ಲ ನಿಜ, ಆದ್ರೆ ಗಂಟು ಸಿಗದಷ್ಟು ಕುರುಡ ಅಲ್ಲ."

"ಯಾರಿಗಾದ್ರೂ ಗೊತ್ತಾಯ್ತಾ?"

"ಅವರಿಗೆಲ್ಲ ಕಣ್ಣಿದೆ. ಹೇಗೆ ಗೊತ್ತಾಗುತ್ತೆ?"

ಅವಳಿಗೆ ನಗು ಬಂತು. ನಗು ಬಂದದ್ದೇ ತಡ ಅಳುವೂ ಬಂತು. ಅಳುತ್ತಲೇ ಎಲ್ಲ ಹೇಳಿದಳು. ಲೋಟ, ಬೊಬ್ಬೆ, ಸೂಜಿ, ಮೇಜಿನ ಕೆಳಗಿನ ಒದೆತ. ಬೆತ್ತದ ಸದ್ದು ನಿಂತಿತ್ತು. ಎಲ್ಲ ಹೇಳಿದಳು, ಒಂದನ್ನು ಬಿಟ್ಟು.

"ನನ್ನ ಹತ್ರ ಯಾಕೆ ಮುಚ್ಚಿಟ್ಟೆ?"

"ನಿಮಗೆ ಓದೋರು ಯಾರು ಅಂತ."

"ನಾಲ್ಕು ತಿಂಗಳಿಂದ ಓದ್ತಿದ್ದೀಯಲ್ಲ."

"ಅದು ಓದಲ್ಲ ರೀ. ಮೋಸ."

ಅವನು ಬೆತ್ತದ ಎಳೆಯೊಂದನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತೆಗೆದ. ಅದರ ನೀರು ಬೋಗುಣಿಗೆ ತೊಟ್ಟಿಕ್ಕುವುದು ಕೇಳಿಸಿತು. "ಮುದುಕ ಇಸಾಕ ಕೈ ನಂಬಿ ಮೋಸ ಹೋದ," ಎಂದ. "ಆದ್ರೂ ಆಶೀರ್ವಾದ ಹೋಗಬೇಕಾದವನಿಗೇ ಹೋಯ್ತು. ಹುಟ್ಟೋಕೆ ಮುಂಚೆನೇ ದೇವರು ಹೇಳಿದ್ನಲ್ಲ, ದೊಡ್ಡವನು ಚಿಕ್ಕವನ ಸೇವೆ ಮಾಡ್ತಾನೆ ಅಂತ. ಮುದುಕನ ಬೆರಳು ತಪ್ಪಿತು, ಆತನ ಮಾತು ತಪ್ಪಲಿಲ್ಲ. ನೀನೇ ಓದಿ ಹೇಳಿದ್ದು."

"ಹೌದು. ಆದ್ರೆ ವಿಷಯ ಗೊತ್ತಾದಾಗ ಮುದುಕ ಗಡಗಡ ನಡುಗಿದ. ಅದೂ ಅಲ್ಲೇ ಇದೆ."

"ನಡುಗಲಿ. ನಡುಗಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ."

ನಡುಗಿದ ಮೇಲೂ ಮುದುಕ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಲ್ಲ ಎಂಬುದು ಅವಳಿಗೆ ನೆನಪಾಯಿತು. ಅವನಿಗೇ ಆಶೀರ್ವಾದ ಇರಲಿ ಎಂದುಬಿಟ್ಟ. ತನ್ನ ಕೈ ಮೀರಿದ್ದು ನಡೆದಿದೆ ಎಂದು ಆ ನಡುಕದಲ್ಲೇ ಅವನಿಗೆ ತಿಳಿದಿರಬೇಕು.

ಸೋಮವಾರ ಅವಳು ಅಚ್ಚುಮನೆಯ ಮೇಲ್ವಿಚಾರಕರ ಮುಂದೆ ನಿಂತು ಕೆಲಸ ಬಿಡುವುದಾಗಿ ಹೇಳಿದಳು. ಕಾರಣವನ್ನೂ ಹೇಳಿದಳು, ನಾಲ್ಕು ತಿಂಗಳ ವಿಷಯವನ್ನೂ ಮುಚ್ಚಲಿಲ್ಲ. ರೇಡಿಯೊ ಪಕ್ಕದಲ್ಲಿ ನಿಂತು, "ಅದರಲ್ಲಿ ಅರ್ಧ ನನ್ನದು ಸಾರ್," ಎಂದಳು. ಮೇಲ್ವಿಚಾರಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಮೇಜಿಗೆ ಮರಳಿ ಅವಳ ಹಾಳೆ ಇಡುವ ಮಣೆ, ನೀರಿನ ಬಾಟಲಿ, ತಪ್ಪು ಗುರುತಿಸುವ ಮೇಣದ ಡಬ್ಬಿ ಎಲ್ಲ ಚೀಲಕ್ಕೆ ಹಾಕಿದರು. ಡಬ್ಬಿಯನ್ನು ಅವಳು ಹೊರಗೆ ತೆಗೆದು ಮೇಜಿನ ಮೇಲೇ ಇಟ್ಟಳು.

"ಇದು ಬೇಕಾಗುತ್ತೆ ನಿಂಗೆ."

"ನನಗೆ ಕಣ್ಣಿದೆ, ಪೆನ್ಸಿಲ್ ಸಾಕು," ಎಂದಳು ರೇಡಿಯೊ. ಆಮೇಲೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಲ್ಲಿಂದ ಅವಳು ನೇರ ಸಭಾಪಾಲಕರ ಮನೆಗೆ ಹೋದಳು. ಪುಸ್ತಕ ತಲೆಕೆಳಗಿದ್ದದ್ದನ್ನು ಕೇಳಿ ಅವರು, "ಅಕ್ಕ, ನನಗೆ ಅದು ನೆಟ್ಟಗಿದ್ದರೂ ಅಷ್ಟೆ, ತಲೆಕೆಳಗಿದ್ದರೂ ಅಷ್ಟೆ," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು. ಏನು ಬರುತ್ತದೆ ಎಂದು ಅವಳಿಗೆ ತಿಳಿಯಿತು.

"ಇದರಲ್ಲೂ ಆತನ ಚಿತ್ತ ಇದೆ ಅಂತ ಹೇಳ್ತೀರಿ. ನನಗೆ ಗೊತ್ತು. ನಂಬ್ತೀನಿ ಕೂಡ. ಆದ್ರೆ ಇವತ್ತು ಹೇಳಬೇಡಿ."

ಅವರು ಹೇಳಲಿಲ್ಲ. ಒಳ್ಳೆಯ ಮನುಷ್ಯ. ಬಾಗಿಲ ತನಕ ಬಂದು, "ಪುಸ್ತಕ ಇಲ್ಲದೆ ಹೇಳ್ತೀರಾ, ಇನ್ನೊಂದು ಸಲ?" ಎಂದು ಮಾತ್ರ ಕೇಳಿದರು. ಬರುವ ಭಾನುವಾರದ ಭಾಗ ಯಾವುದೆಂದೂ ಹೇಳಿದರು. ಪ್ರವಾದಿ ಯೆಶಾಯನ ನಲವತ್ತೊಂಬತ್ತನೆಯ ಅಧ್ಯಾಯ.

ಮನೆಗೆ ಬಂದು ಅವಳು ಆ ಅಧ್ಯಾಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದಳು. ನಡುವೆ ಒಂದು ಕಡೆ ನಿಂತುಬಿಟ್ಟಳು. ತಾಯಿ ತನ್ನ ಎಳೆಕೂಸನ್ನು ಮರೆಯುವಳೇ ಎಂದು ದೇವರು ಅಲ್ಲಿ ಕೇಳುತ್ತಾನೆ.

ಮಂಗಳವಾರ, ಬುಧವಾರ, ಗುರುವಾರ ಆ ಸಾಲಿನ ತನಕ ಬಂದು ಹಿಂದಕ್ಕೆ ಹೋದಳು. ಶುಕ್ರವಾರ ಸಂಜೆ ಗಂಡ ಕುರ್ಚಿಯ ಕೊನೆಯ ಅಂಚು ಕಟ್ಟುತ್ತಿದ್ದಾಗ, ಬಿಟ್ಟ ಆ ಒಂದನ್ನೂ ಹೇಳಿದಳು.

"ಮಗು ನನ್ನ ಬೆರಳಲ್ಲಿತ್ತು ರೀ. ಈಗ ಇಲ್ಲ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ವಿವರಿಸಿದಳು. ಹೆಬ್ಬೆರಳು ತಿಕ್ಕುವುದು, ಬರುವುದು, ಹೋಗುವುದು. ಮೂವತ್ತೊಂದು ವರ್ಷ. "ಮುಖ ಹೇಗಿತ್ತು ಅಂತ ಈಗ ನನಗೆ ಗೊತ್ತಿಲ್ಲ. ನಾನು ಅವಳನ್ನ ಮರೀತಿದ್ದೀನಿ."

ಬೆತ್ತ ನಿಂತಿತು. ಆಮೇಲೆ ಅವನು ಹೇಳತೊಡಗಿದ. ದನಿ ಅವನದೇ, ಆದರೆ ಯಾರೋ ಬರೆಸಿದ್ದನ್ನು ಒಪ್ಪಿಸುವ ಹಾಗಿತ್ತು.

"ಹಣೆ ಅಗಲ. ಬೆಣ್ಣೆ ತೆಗೆದಿಟ್ಟ ಹಾಗೆ ನುಣುಪು. ಹುಬ್ಬು ಇದ್ದೂ ಇಲ್ಲದ ಹಾಗೆ, ಊದಿದ್ರೆ ಹಾರಿ ಹೋಗುತ್ತೆ. ಮೂಗಿನ ತುದಿ ತಣ್ಣಗೆ, ಯಾವಾಗಲೂ ತಣ್ಣಗೆ. ಗಲ್ಲದಲ್ಲಿ ಗುಳಿ ಇಲ್ಲ, ಇರಬೇಕಿತ್ತು ಅಂತ ನಿನಗೆ ಆಸೆ. ಎಡಗಿವಿಯ ಮೇಲ್ತುದಿ ಮಡಿಚಿದೆ, ಪುಸ್ತಕದ ಹಾಳೆಯ ಮೂಲೆ ಮಡಿಚಿದ ಹಾಗೆ."

"ಕಿವಿ," ಎಂದಳು ಅವಳು. ಅವಳಿಗೆ ಕಿವಿ ಮರೆತೇ ಹೋಗಿತ್ತು. ಬೆರಳು ಚೆನ್ನಾಗಿದ್ದಾಗಲೇ ಮರೆತುಹೋಗಿತ್ತು. ಎಷ್ಟು ವರ್ಷದಿಂದ ಮಗು ಕಿವಿಯಿಲ್ಲದೆ ಬಂದು ಹೋಗುತ್ತಿತ್ತೋ.

"ನೀನೇ ಹೇಳಿದ್ದು. ಹನ್ನೊಂದು ದಿನ. ನನಗೆ ಓದೋಕೆ ಬರಲ್ಲ, ಕೇಳಿದ್ದನ್ನ ಇಟ್ಕೊಳ್ಳೋಕೆ ಬರುತ್ತೆ."

"ಇನ್ನೊಂದ್ಸಲ ಹೇಳಿ."

ಹೇಳಿದ. ಹಣೆಯಿಂದ ಕಿವಿಯ ತನಕ. ಮುಗಿಸಿದ ಮೇಲೆ, ಹೇಳಲೋ ಬೇಡವೋ ಎಂಬಂತೆ ತಡೆದು, ಇನ್ನೊಂದು ಮಾತು ಸೇರಿಸಿದ.

"ಮುಷ್ಟಿ ಗಟ್ಟಿ."

"ಅದನ್ನ ನಾನು ಹೇಳಿಲ್ಲ."

"ಇಲ್ಲ. ಅದು ನನ್ನ ಬೆರಳಿಗೆ ಸಿಕ್ಕಿದ್ದು. ಒಂದೇ ಒಂದು." ಅವನು ಬೆತ್ತವನ್ನು ಕೆಳಗಿಟ್ಟ. "ನೀನು ನಿದ್ದೆ ಹೋಗಿದ್ದೆ. ಸುಮ್ಮನೆ ಬೆರಳು ಚಾಚಿದೆ, ಹಿಡ್ಕೊಂಡ್ಲು. ಇಂಥ ಚಪ್ಪಲಿ ಚರ್ಮಕ್ಕೂ ಗೊತ್ತಾಯ್ತು. ಬಿಡಿಸ್ಕೊಳ್ಳೋಕೆ ಆಗಲಿಲ್ಲ, ನರ್ಸು ಬರೋವರೆಗೆ ಹಾಗೇ ನಿಂತಿದ್ದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಿನ್ನ ಹತ್ರ ಅಷ್ಟೊಂದು ಇತ್ತು. ನನ್ನ ಹತ್ರ ಇದ್ದದ್ದು ಅದೊಂದು. ಹೇಳಿದ್ರೆ ಖರ್ಚಾಗುತ್ತೆ ಅಂತ ಭಯ."

ಅವಳು ಕೈ ಚಾಚಿ ಅವನ ಮುಖ ಮುಟ್ಟಿದಳು. ಅಂಗೈಗೆ ಒದ್ದೆ ಸಿಕ್ಕಿತು. ಬೆರಳ ತುದಿಗೆ ಏನೂ ಸಿಗಲಿಲ್ಲ. ಇಬ್ಬರೂ ಹಾಗೆಯೇ ಕೂತರು, ಕುರ್ಚಿಯ ಅಂಚು ಅರ್ಧಕ್ಕೇ ನಿಂತಿತ್ತು.

ಭಾನುವಾರ ಅವಳು ಬರಿಗೈಯಲ್ಲಿ ಮೇಜಿನ ಹಿಂದೆ ನಿಂತಳು. "ನನ್ನ ಬೆರಳು ಹೋಗಿದೆ," ಎಂದಳು ಸಭೆಗೆ. "ನಾಲ್ಕು ತಿಂಗಳಿಂದ ಓದುವ ಹಾಗೆ ನಟಿಸಿದೆ. ಕ್ಷಮಿಸಿ. ಇವತ್ತು ಓದುವುದಿಲ್ಲ, ಹೇಳುತ್ತೇನೆ." ಬೆಂಚುಗಳು ಕಿರುಗುಟ್ಟಿದವು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವಕ್ಕೆ ಒಂದು ಜಾಗವಿತ್ತು. ಮೇಜಿನ ಅಂಚು ಹಿಡಿದಳು, ಬಿಟ್ಟಳು, ಕೊನೆಗೆ ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟಳು.

ಅಧ್ಯಾಯ ಸರಾಗವಾಗಿ ಬಂತು, ಆ ಸಾಲಿನವರೆಗೆ. ತಾಯಿ ತನ್ನ ಎಳೆಕೂಸನ್ನು ಮರೆಯುವಳೇ?

ಅವಳು ನಿಂತಳು. ಮರೆತಳೆಂದುಕೊಂಡು ಮುಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿ ನೆನಪಿಸಲು ಹೊರಟರು. ಅವಳ ಗಂಡ ಒಂದು ಸಲ ಗಟ್ಟಿಯಾಗಿ ಕೆಮ್ಮಿದ. ಪಿಸುಮಾತು ನಿಂತಿತು.

ಹಾಗೆ ಮರೆಯುವುದುಂಟು, ಎಂದು ಅವಳು ಮುಂದುವರಿಸಿದಳು. ಅದೂ ಅಲ್ಲಿ ಬರೆದಿದೆ. ಅವರಾದರೂ ಮರೆತಾರು, ನಾನು ಮರೆಯೆ. ನನ್ನ ಅಂಗೈಗಳಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ.

ಎಷ್ಟೋ ಸಲ ಓದಿದ್ದ ಸಾಲು. ಎಂದೂ ಸವೆಯುವಷ್ಟು ಮುಟ್ಟಿರಲಿಲ್ಲ.

ಮುಗಿದ ಮೇಲೆ ಅವಳು ಅಲ್ಲೇ ನಿಂತಿದ್ದಳು. ಹೊತ್ತುಕೊಂಡು ಹೋಗಲು ಪುಸ್ತಕವಿರಲಿಲ್ಲ, ಆದರೂ ಗಂಡ ಎಂದಿನಂತೆ ಬೆಂಚು ಹಿಡಿದು, ಹೆಜ್ಜೆ ಎಣಿಸಿ ಬಂದ. ಮೇಜಿನ ಮೇಲೆ ತಡವಿ ಅವಳ ಬಲಗೈ ಹುಡುಕಿ, ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದ. ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ಅವನು ಹೊರಟು ಕೈ ಎಳೆದಾಗ ಹೆಗಲಿಗೆ ತಿಳಿಯಿತು, ಅವಳು ಹಿಂದೆ ನಡೆದಳು.